ವರ್ಷ ಬಿಟ್ಟು ಬನ್ನಿ ಅಂದ್ರು



ಇದನ್ನ ಬರೆಯೋಕೆ ಸಂಕೋಚ ಆಗ್ತಿತ್ತು. ನಮ್ಮ ಹೆಣ್ಮಕ್ಕಳನ್ನ ಈ ಸಂಕೋಚಾನೇ ಕೊಲ್ತಿದೆ ಅನ್ನಿಸಿ ಬರೀತಿದ್ದೀನಿ. ಅಕ್ಕನ ಒಪ್ಪಿಗೆ ಕೇಳಿದ್ದೀನಿ.

ಮೂರು ವರ್ಷದ ಹಿಂದೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಶಿಬಿರ ನಡೀತು. ಮನೆಮನೆಗೆ ಹೋಗಿ ಹೆಂಗಸರನ್ನ ಕರೆತಂದವಳು ನಾನೇ. ನನಗೂ ಪಕ್ಕದ ಮನೆ ಅಕ್ಕನಿಗೂ ಒಂದೇ ಥರ ರಿಪೋರ್ಟು: ಜೀವಕೋಶಗಳಲ್ಲಿ ಸಣ್ಣ ಬದಲಾವಣೆ ಇದೆ, ಕ್ಯಾನ್ಸರ್ ಅಲ್ಲ, ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಡಾಕ್ಟರ್ ಹೇಳಿದ್ದು ತಪ್ಪಲ್ಲ. ಎಚ್‌ಪಿವಿ ವೈರಸ್‌ನಿಂದ ಆಗುವ ಇಂಥ ಸಣ್ಣ ಬದಲಾವಣೆ ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಉಳಿದು ಬೆಳೆಯುತ್ತೆ. ಆ ಕೆಲವರು ಯಾರು ಅನ್ನೋದು ಮತ್ತೆ ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು.

ನಾನು ಆಫೀಸಲ್ಲಿ ಕ್ಲರ್ಕು. ತಾರೀಖು ಬರೆದಿಟ್ಟೆ, ಸಿ.ಎಲ್. ಹಾಕಿ ಹೋದೆ. ನನ್ನದು ಸರಿಹೋಗಿತ್ತು. ಅಕ್ಕ ಗುತ್ತಿಗೆ ಪೌರಕಾರ್ಮಿಕರು. ಒಂದಿನ ಹೋಗದಿದ್ರೆ ಒಂದಿನದ ಸಂಬಳ ಕಟ್. ಶಿಬಿರದವರು ಮತ್ತೆ ಬರಲಿಲ್ಲ, ಫೋನೂ ಮಾಡಲಿಲ್ಲ. ಕೇಳಬೇಕಿದ್ದ ನಾನೂ ಕೇಳಲಿಲ್ಲ. "ಕ್ಯಾನ್ಸರ್ ಅಲ್ಲ ಅಂದಿದ್ರಲ್ಲವ್ವ" ಅಂತ ಅಕ್ಕ ಸುಮ್ಮನಿದ್ರು. ಮೊನ್ನೆ, ಮುಟ್ಟಲ್ಲದ ದಿನಗಳಲ್ಲೂ ರಕ್ತ ಹೋಗ್ತಿದೆ ಅಂದಾಗ ಕರ್ಕೊಂಡು ಹೋದೆ. ಬದಲಾವಣೆ ಈಗ ಸಣ್ಣದಾಗಿ ಉಳಿದಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಗುರುವಾರ ರಿಪೋರ್ಟು.

1976ರಿಂದ 1988ರವರೆಗೆ ದೆಹಲಿಯಲ್ಲಿ ಐಸಿಎಂಆರ್ ಅಧ್ಯಯನವೊಂದು ನಡೆದಿತ್ತು. ಗರ್ಭಕಂಠದಲ್ಲಿ ಇಂಥ ಬದಲಾವಣೆಗಳಿದ್ದ ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಚಿಕಿತ್ಸೆ ಕೊಡದೆ ವರ್ಷಗಟ್ಟಲೆ ಗಮನಿಸಿದ್ರು. ಲಿಖಿತ ಒಪ್ಪಿಗೆ ಇರಲಿಲ್ಲ. ಕೆಲವರಿಗೆ ಕ್ಯಾನ್ಸರ್ ಆಯ್ತು. 1997ರಲ್ಲಿ ವಿಷಯ ಹೊರಬಂದಾಗ ದೊಡ್ಡ ವಿವಾದವಾಯ್ತು. ಅಲ್ಲಿ ನೋಡ್ತಾ ಇದ್ರು, ಚಿಕಿತ್ಸೆ ಕೊಡಲಿಲ್ಲ. ನಮ್ಮ ಕೇರಿಯಲ್ಲಿ ನೋಡೋರೇ ಇಲ್ಲ.

ನಮ್ಮ ಆಫೀಸಿಗೆ ಬರೋ ಒಂದೊಂದು ಟಪಾಲಿಗೂ ಇನ್ವರ್ಡ್ ನಂಬರ್ ಇದೆ. ಉತ್ತರ ಬರದಿದ್ರೆ ಜ್ಞಾಪನ ಪತ್ರ ಹೋಗುತ್ತೆ. ಊರಿನ ಕಸ ಎತ್ತೋ ಹೆಂಗಸಿನ ಜೀವಕ್ಕೆ ಅಷ್ಟೂ ಇಲ್ವಾ?

ಈಗ ಸಂಘದಲ್ಲಿ ಒಂದು ಪುಸ್ತಕ ತೆಗೆದಿದ್ದೀವಿ. ಹೆಸರು, ಪರೀಕ್ಷೆಯಾದ ತಾರೀಖು, ಮತ್ತೆ ಹೋಗಬೇಕಾದ ತಾರೀಖು, ಜೊತೆಗೆ ಯಾರು ಹೋಗ್ತಾರೆ, ಇಷ್ಟೇ. ಅದು ಬೀಗದೊಳಗಿರುತ್ತೆ, ಇಬ್ಬರು ಹೆಂಗಸರು ಮಾತ್ರ ನೋಡ್ತಾರೆ. ನೀವೂ ನಿಮ್ಮ ಕೇರಿಗಳಲ್ಲಿ ಶುರುಮಾಡಿ. ಶಿಬಿರ ಮಾಡ್ತೀವಿ ಅಂತ ಬರೋರನ್ನ ಮೊದಲು ಕೇಳಿ: ಮುಂದಿನ ವರ್ಷ ಕರೆಯೋರು ಯಾರು? ಪೌರಕಾರ್ಮಿಕರಿಗೆ ಆ ದಿನ ಸಂಬಳಸಹಿತ ರಜೆ ಸಿಗಲೇಬೇಕು. ಅರ್ಜಿ ನಾನೇ ಟೈಪ್ ಮಾಡಿದ್ದೀನಿ. ಸೋಮವಾರ ಕೊಡ್ತೀವಿ, ಬನ್ನಿ.

ಗುರುವಾರ ಅಕ್ಕನ ಜೊತೆ ನಾನು ಹೋಗ್ತಿದ್ದೀನಿ.