19ನೇ ಗೇಟು

ನನ್ನ ಭಾಮೈದ ಬೆಂಗಳೂರಿನಿಂದ ಬರುತ್ತಾನೋ ಇಲ್ಲವೋ ಎಂಬುದು ಮೂರು ವಾರದಿಂದ ಮನೆಯಲ್ಲಿ ನಡೆದಿರುವ ಚರ್ಚೆ. ಅವನ ದೊಡ್ಡಕ್ಕನ ಮೊಮ್ಮಗುವಿಗೆ ಹಂಪಿಯಲ್ಲಿ ಜವಳ. ದೊಡ್ಡಕ್ಕ ಸಂಡೂರಿನಲ್ಲಿ, ನಾವು ಹೊಸಪೇಟೆಯಲ್ಲಿ, ಅತ್ತೆ ಕಂಪ್ಲಿಯಲ್ಲಿ. ಮೂರೂ ಮನೆ ಮುಟ್ಟಿ ಹೋಗಬೇಕು, ಇಲ್ಲದಿದ್ದರೆ ಬಂದದ್ದು ಲೆಕ್ಕಕ್ಕಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಹೊಸಪೇಟೆ. ಇದರಲ್ಲಿ ಅಷ್ಟು ಯೋಚಿಸುವಂಥದ್ದೇನು? ತಿಳಿಯದೆ ಬರೆದಿಟ್ಟುಕೊಳ್ಳುತ್ತಿದ್ದೇನೆ.

*

ಅವನಿಗಿರುವುದು ಐಬಿಎಸ್, ಕರುಳು ಕೆರಳುವ ಕಾಯಿಲೆ. ರಕ್ತ ಪರೀಕ್ಷೆ, ಸ್ಕ್ಯಾನ್, ಕೊಲೊನೋಸ್ಕೋಪಿ ಎಲ್ಲವೂ ನಾರ್ಮಲ್. ಕರುಳಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಕಾಯಿಲೆಯನ್ನು ಗುರುತಿಸುವುದು ಲಕ್ಷಣಗಳಿಂದಲೇ ಅಂತೆ: ಮೂರು ತಿಂಗಳಿಂದ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು, ಆ ನೋವಿಗೂ ಕಕ್ಕಸಿಗೂ ನಂಟು. 2016ರಲ್ಲಿ ಪರಿಷ್ಕರಿಸಿದ ರೋಮ್ ಮಾನದಂಡ ಹೇಳುವುದು ಇದನ್ನೇ. ಒಂದು ಫೈಲು ತುಂಬ ‘ನಾರ್ಮಲ್’ ಎಂದು ಬರೆಸಿಕೊಂಡ ಮನುಷ್ಯ ನಾಲ್ಕು ಹೆಜ್ಜೆ ಹೊರಗಿಡಲು ಹೆದರುತ್ತಾನೆ.

ದೊಡ್ಡಕ್ಕ ಫೋನಿನಲ್ಲಿ: “ಎಲ್ಲಾ ನಾರ್ಮಲ್ ಐತಂತ. ಮತ್ತ ಬರಾಕೇನು ಧಾಡಿ?”

*

ಅವನನ್ನೇ ಕೇಳಿದೆ. ನಕ್ಕ. “ಭಾವ, 33 ಗೇಟಿನಾಗ 32 ಸರಿ ಅದಾವು. 19ನೇದೊಂದು ನಂಬಂಗಿಲ್ಲ.”

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡದವರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿ ನಿಲ್ಲಿಸಿದರು. ಭಾಮೈದನ ಜೇಬಿನಲ್ಲೂ ಒಂದು ಸ್ಟಾಪ್‌ಲಾಗ್ ಇರುತ್ತದೆ, ಡಾಕ್ಟರು ಬರೆದುಕೊಟ್ಟ ಲೋಪೆರಮೈಡ್ ಮಾತ್ರೆ. “ಹರಿಯೋಕಿಂತ ಮುಂಚೆ ಇಳಿಸ್ಬೇಕು ಭಾವ. ಹರಿಯೋ ನೀರಾಗ ಇಳಿಸಾಕ ಕನ್ನಯ್ಯ ನಾಯ್ಡು ಅವರೇ ಬೇಕು.”

*

ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಗಂಗಾವತಿ ಕಡೆಯ ನೆಂಟರು ಹೊರಡುವ ಮುಂಚೆ ಫೋನ್ ಮಾಡಿ “ಬ್ರಿಜ್ ಮ್ಯಾಲ ನೀರು ಬಂದೈತೇನು?” ಎನ್ನುತ್ತಾರೆ. ಬಂದಿದ್ದರೆ ಬರುವುದಿಲ್ಲ. ಅದನ್ನು ಯಾರೂ ನೆಪ ಎನ್ನುವುದಿಲ್ಲ. “ಅಲ್ಲಿ ಬಾತ್‌ರೂಮ್ ಎಲ್ಲೈತಿ?” ಎಂದು ಇವನು ಕೇಳಿದರೆ ಮಾತ್ರ ನೆಪ.

*

ಅವನ ಲೆಕ್ಕದಲ್ಲಿ ಕಿಲೋಮೀಟರಿಲ್ಲ. ರೈಲು ಸಲೀಸು, ರಾತ್ರಿಯಿಡೀ ಪ್ರಯಾಣವಾದರೂ ಬೋಗಿಯ ಎರಡೂ ತುದಿಗೆ ಪಾಯಿಖಾನೆ ಇದೆ. ಬಾಗಿಲ ಬಡಿತಕ್ಕೂ ವಾಸನೆಗೂ ಹೆದರಿ ಎಲ್ಲರೂ ಬೇಡವೆನ್ನುವ ಕೊನೆಯ ಸೈಡ್ ಲೋಯರ್ ಬರ್ತನ್ನು ಇವನು ಆಸೆಪಟ್ಟು ಹಿಡಿಯುತ್ತಾನೆ. ಸಂಡೂರು ಇಲ್ಲಿಂದ ಸುಮಾರು 30 ಕಿಲೋಮೀಟರ್, ಅವನಿಗೆ ಅದೇ ದೂರ. ಅದಿರು ಲಾರಿಗಳ ಹಿಂದೆ, ಕೆಂಪು ಧೂಳಿನಲ್ಲಿ, ಒಂದು ಲಾರಿ ಅಡ್ಡ ನಿಂತರೆ ಎಷ್ಟು ಹೊತ್ತೆಂದು ಹೇಳುವವರಿಲ್ಲ. ಇಳಿದು ಎಲ್ಲಿಗೆ ಹೋಗುವುದು?

ಹೀಗೆ ಅಳೆದರೆ ನಮ್ಮ ಜಿಲ್ಲೆಯ ನಕಾಶೆಯೇ ಬೇರೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಕೇಂದ್ರವಾಯಿತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಇವನು ಎಳೆಯುವ ಗಡಿಗಳು ಬೇರೆ.

*

ಅಡುಗೆಮನೆಯಿಂದ ನನ್ನಾಕೆ ಇದನ್ನೆಲ್ಲ ಕೇಳಿಸಿಕೊಂಡು ಹೇಳಿದ್ದು: “ಗಂಡಸ್ರು ಈಗ ಕಲಿಯಾಕತ್ತೀರಿ. ಬಸ್ ಹತ್ತೋ ಹಿಂದಿನ ರಾತ್ರಿಯಿಂದ ನೀರು ಬಿಡೋದು, ಎಲ್ಲಿ ನಿಲ್ತೈತಿ ಅಂತ ಡ್ರೈವರಣ್ಣನ್ನ ಕೇಳಾಕ ನಾಚ್ಕೊಳ್ಳೋದು, ನಾವು ಹುಟ್ಟಿದಾಗ್ಲಿಂದ ಇದೇ ಲೆಕ್ಕ. ಯಾವಾಗಾದ್ರೂ ಬರ್ದೀರೇನು ನಿಮ್ಮ ಪುಸ್ತಕದಾಗ?”

ಬರೆದಿರಲಿಲ್ಲ. ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲೇ ಕೂತು ಬಂದವನು ನಾನು.

*

ಹೊಟ್ಟೆಗೆ ಅನ್ನ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ, ಎಲ್ಲರಿಗೂ. ಇವನಿಗೆ ಅದು ವಿಪರೀತ. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ, ಮಿದುಳಿನ ದಿಗಿಲು ಅಲ್ಲಿಗೂ ಮುಟ್ಟುತ್ತದೆ. ಹಾಗಾಗಿ ಪ್ರಯಾಣದ ದಿನ ಉಪವಾಸ. ಹೊರಟರೆ ಏನಾದೀತೋ ಎಂಬ ಭಯಕ್ಕೇ ಹೊಟ್ಟೆ ಮುರಿಯುತ್ತದೆ, ಹೊಟ್ಟೆ ಮುರಿಯಿತೆಂದು ಹೊರಡುವುದಿಲ್ಲ. ಭಯ ಮೊದಲೋ ಹೊಟ್ಟೆ ಮೊದಲೋ, ಅವನಿಗೂ ಗೊತ್ತಿಲ್ಲ.

*

ಓದಿದ್ದು: ಡಾರ್ವಿನ್ 1831ರಿಂದ 1836ರವರೆಗೆ ಹಡಗಿನಲ್ಲಿ ಜಗತ್ತು ಸುತ್ತಿದ. ಆಮೇಲೆ ವಾಂತಿ, ಹೊಟ್ಟೆಯುಬ್ಬರ ಅವನನ್ನು ಬಿಡಲಿಲ್ಲ. 1848ರಲ್ಲಿ ತಂದೆ ತೀರಿಕೊಂಡಾಗ ಶವಸಂಸ್ಕಾರಕ್ಕೆ ಇರಲಾಗಲಿಲ್ಲ. ಇದನ್ನು ದೊಡ್ಡಕ್ಕನಿಗೆ ಹೇಳಬೇಕೆಂದುಕೊಂಡೆ. “ಯಾರಪ್ಪ ಅವ್ನು, ನಮ್ಮ ಬೀಗರೇನು?” ಎನ್ನುತ್ತಾಳೆ. ಹೇಳಲಿಲ್ಲ.

*

ರೋಗಕ್ಕಿಂತ ಊಟ ಬಡಿಸುವವರಿಗೆ ಹೆದರುತ್ತಾನೆಂದು ನನ್ನ ಗುಮಾನಿ. ಹೋದ ಸಲ ಹಂಪಿಯ ಭೋಜನಶಾಲೆ ನೋಡಲು ಹೋಗಿದ್ದೆವು. ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲೇ ಕೊರೆದ ಊಟದ ಎಲೆಗಳ ಸಾಲು. ನಮಗೆಲ್ಲ ಫೋಟೊ ತೆಗೆಯುವ ಸಂಭ್ರಮ. ಇವನು ಸುಮ್ಮನೆ ನಿಂತು, “ನಡುವೆ ಏಳಬೇಕಾದವನು ಏನ್ ಮಾಡ್ತಿದ್ನೋ ಭಾವ” ಅಂದ. ಪಂಕ್ತಿಯಲ್ಲಿ ಅರ್ಧಕ್ಕೆ ಏಳುವುದು ಎಂಥ ಅಪರಾಧ ಎಂದು ಅವನಿಗೆ ಗೊತ್ತು. ಕಂಪ್ಲಿಯಲ್ಲಿ ಒಂದು ಓಣಿಗೆ ನಾಲ್ಕು ಮನೆ, ನಾಲ್ಕೂ ಕಡೆ ಎಲೆ ಹಾಕುತ್ತಾರೆ.

ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯವೊಂದನ್ನು ಡಯಟಿಷಿಯನ್ ಹೇಳಿಕೊಟ್ಟಿದ್ದಾರೆ. ಅದರಲ್ಲಿ ಜೋಳದ ರೊಟ್ಟಿ, ಅನ್ನ, ಶೇಂಗಾ ಪಾಸು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಫೇಲು. ಕಡಲೆಹಿಟ್ಟಿನ ಮಿರ್ಚಿಯನ್ನು ಕೇಳುವುದೇ ಬೇಡ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿನ್ನದವನು ಹೊಸಪೇಟೆಗೆ ಬಂದ ಎಂದು ನಂಬಿಸುವುದು ಹೇಗೆ?

ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಸುದ್ದಿ ಕಂಪ್ಲಿಗೆ ಮುಟ್ಟಿದ ದಿನ ಅತ್ತೆ ಕೇಳಿದರು: “ಮಾಲಿ ಹಾಕ್ಯಾನೇನು?”

ಅಯ್ಯಪ್ಪನ ಮಾಲೆ ಎಂದಿದ್ದರೆ ಮುಗಿದೇಹೋಗುತ್ತಿತ್ತು. 41 ದಿನ ಯಾರೂ ಒತ್ತಾಯ ಮಾಡುತ್ತಿರಲಿಲ್ಲ, ಬೇರೆ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ವ್ರತಕ್ಕಿರುವ ಮರ್ಯಾದೆ ಕರುಳಿಗಿಲ್ಲ. ಸುಳ್ಳು ಹೇಳಿಬಿಡೋಣವೇ ಎಂದು ನಾನೇ ಸೂಚಿಸಿದೆ. ಅವನು ಒಪ್ಪಲಿಲ್ಲ.

*

ಶುಕ್ರವಾರ, ರಾತ್ರಿ ಒಂಬತ್ತೂವರೆ. ಮೆಸೇಜು: “ಸ್ಟೇಷನ್ನಿಗೆ ಬಂದೀನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇನ್ನೂ ಹತ್ತಿಲ್ಲ.”

ಹತ್ತು ನಿಮಿಷಕ್ಕೆ ಅತ್ತೆಯ ಫೋನು. ಅವನು ಬರುವುದು ಅವರಿಗೆ ಆಗಲೇ ಖಾತ್ರಿಯಾಗಿತ್ತು. ಈರುಳ್ಳಿಯಿಲ್ಲದ ಸಾರು ಮಾಡುವುದನ್ನು ಪಕ್ಕದ ಮನೆಯ ಆಚಾರ್ರ ಹೆಂಡತಿಯಿಂದ ಕೇಳಿಕೊಂಡಿದ್ದಾರಂತೆ.

“ಬಾಳೆಹಣ್ಣು ತಿನ್ತಾನೇನಪ್ಪಾ?”

ತೀರ ಕಳಿತಿರಬಾರದು, ಒಂದು ತಿನ್ನಬಹುದು ಎಂದೆ.

“ಹಂಗಾರ ಸುಗಂಧಿ ಒಂದು ಗೊನಿ ಕಡಿಸ್ತೀನಿ.”