ನಕ್ಷತ್ರಗಳ ದಡ

1686ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ಒಂದು ಪುಟ್ಟ ಪುಸ್ತಕದಲ್ಲಿ ಇಬ್ಬರೇ ಮಾತಾಡುತ್ತಾರೆ. ಹಳ್ಳಿಯ ದೊಡ್ಡ ಮನೆ, ಅದರ ತೋಟ, ರಾತ್ರಿ ಊಟ ಮುಗಿದ ಮೇಲಿನ ಹೊತ್ತು. ಒಬ್ಬಳು ಆ ಮನೆಯ ಒಡತಿ. ಖಗೋಳದ ಪಾಠ ಕೇಳಿದವಳಲ್ಲ, ಆದರೆ ತಿಳಿಯದ್ದನ್ನು ತಿಳಿಯಿತೆಂದು ತಲೆಯಾಡಿಸುವವಳೂ ಅಲ್ಲ. ಇನ್ನೊಬ್ಬ ಅವಳ ಮನೆಗೆ ಬಂದಿರುವ ಅತಿಥಿ, ಪುಸ್ತಕದ ಲೇಖಕ. ಭೂಮಿ ತಿರುಗುವುದರಿಂದ ಶುರುವಾದ ಮಾತು ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿಗಳನ್ನು ದಾಟಿ ಐದನೆಯ ರಾತ್ರಿ ನಕ್ಷತ್ರಗಳಿಗೆ ಮುಟ್ಟುತ್ತದೆ. ‘ಲೋಕಗಳ ಬಹುತ್ವವನ್ನು ಕುರಿತ ಸಂಭಾಷಣೆಗಳು’ ಎಂಬ ಈ ಪುಸ್ತಕ ಬರೆದ ಬರ್ನಾರ್ಡ್ ದ ಫಾಂತನೆಲ್‌ಗೆ ಆಗ 29 ವರ್ಷ. ಸೌರವ್ಯೂಹದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ನನಗೆ ಅತ್ಯಂತ ಆಪ್ತವಾದದ್ದು ಇದೇ, ಇಂಗ್ಲಿಷ್ ಅನುವಾದದಲ್ಲಿ ಓದಿದರೂ.

ಆ ಕಾಲವನ್ನು ನೆನೆದರೆ ಪುಸ್ತಕದ ಧೈರ್ಯ ತಿಳಿಯುತ್ತದೆ. ಭೂಮಿ ತಿರುಗುತ್ತದೆಂಬ ತನ್ನ ಮಾತನ್ನು ಕೋಪರ್ನಿಕಸ್ 1543ರಲ್ಲಿ ಪಂಡಿತರ ಲ್ಯಾಟಿನ್ನಿನಲ್ಲಿ ಬರೆದ. ಗೆಲಿಲಿಯೊ 1632ರಲ್ಲಿ ಜನರಾಡುವ ಇಟಾಲಿಯನ್ನಿನಲ್ಲಿ ಬರೆದು, ಮರುವರ್ಷವೇ ವಿಚಾರಣೆಗೆ ನಿಂತು, ಉಳಿದ ಆಯುಷ್ಯವನ್ನು ಗೃಹಬಂಧನದಲ್ಲಿ ಕಳೆದ. ಫಾಂತನೆಲ್‌ನ ಪುಸ್ತಕವನ್ನೂ 1687ರಲ್ಲಿ ರೋಮಿನ ಚರ್ಚು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು. ಅದರಿಂದ ಅದರ ಓಟವೇನೂ ನಿಲ್ಲಲಿಲ್ಲ. ಮುನ್ನುಡಿಯಲ್ಲಿ ಅವನು ಹೆಂಗಸರಿಂದ ಕೇಳಿಕೊಳ್ಳುವುದು ಇಷ್ಟೇ: ಅಂದಿನ ಜನಪ್ರಿಯ ಕಾದಂಬರಿ ‘ಕ್ಲೇವ್‌ನ ರಾಜಕುಮಾರಿ’ಯನ್ನು ಓದುವಾಗ ಎಷ್ಟು ಗಮನ ಕೊಡುತ್ತೀರೋ ಅಷ್ಟು ಕೊಡಿ, ಸಾಕು.

ಈಗಿನ ಸೌರವ್ಯೂಹದ ಪುಸ್ತಕಗಳು ಬಹುಪಾಲು ಕೋಷ್ಟಕದಿಂದ ಶುರುವಾಗುತ್ತವೆ: ವ್ಯಾಸ, ದೂರ, ಉಪಗ್ರಹಗಳ ಸಂಖ್ಯೆ. ಫಾಂತನೆಲ್‌ನ ಕಾಲಕ್ಕೆ ಶನಿಗೆ ಐದೇ ಚಂದ್ರಗಳು ಗೊತ್ತಿದ್ದವು. 2025ರ ಲೆಕ್ಕದಲ್ಲಿ 274. ಅಂಕಿಗಳು ಬೇಕು, ನಾನೂ ಅವನ್ನು ಆಸೆಯಿಂದಲೇ ಓದುತ್ತೇನೆ. ಆದರೆ ಕಾಲಡಿಯ ನೆಲ ಅಲುಗಾಡುತ್ತಿಲ್ಲ ಎಂಬ ನಮ್ಮ ಮೈಯ ನಂಬಿಕೆಯನ್ನು ಅಂಕಿಯೊಂದೇ ಕದಲಿಸಲಾರದು. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ ಎಂದು ಓದಿ, ಪುಟ ಮಡಚಿ, ಕಾಫಿಗೆ ಏಳುತ್ತೇವೆ.

ನಮ್ಮ ಅತ್ತಿಗೆ ಒಮ್ಮೆ ಇದನ್ನೇ ಕೇಳಿದ್ದರು. “ತಿರುಗ್ತದೆ ಅಂತ ನಾನೂ ಶಾಲೇಲಿ ಬರ್ದಿದೀನಿ. ಆದ್ರೆ ನಂಗ್ಯಾಕೆ ಒಂದು ಚೂರೂ ಗೊತ್ತಾಗಲ್ಲ ಹೇಳು?” ಕರೆಂಟು ಹೋಗಿ ಎಲ್ಲರೂ ಅಂಗಳಕ್ಕೆ ಬಂದು ಕೂತಿದ್ದ ರಾತ್ರಿ. ಫಾಂತನೆಲ್‌ನ ಮೊದಲ ರಾತ್ರಿಯ ಮಾತು ನನ್ನ ಬಾಯಿಗೆ ಬಂತು. ಅವನ ಮನೆಯೊಡತಿಯೂ ಇದನ್ನೇ ಕೇಳುತ್ತಾಳೆ. ಹೊಳೆಯಲ್ಲಿ ಹೋಗುವ ದೋಣಿಯಲ್ಲಿ ನಿದ್ದೆ ಹೋದರೆ ಎದ್ದಾಗ ದೋಣಿಯೊಳಗೆ ಇದ್ದಲ್ಲೇ ಇರುತ್ತೀರಲ್ಲ, ಹಾಗೆ ಎನ್ನುತ್ತಾನೆ ಅವನು. ಅವಳು ಬಿಡುವುದಿಲ್ಲ: ಇರಬಹುದು, ಆದರೆ ಎದ್ದಾಗ ದಡ ಬದಲಾಗಿರುತ್ತದೆ, ಭೂಮಿಯಲ್ಲಿ ಬೆಳಿಗ್ಗೆ ಎದ್ದರೆ ಎಲ್ಲವೂ ಇದ್ದ ಹಾಗೇ ಇದೆ. ಅವನ ಉತ್ತರ ನನಗೆ ಇಂದಿಗೂ ರೋಮಾಂಚನ ತರುತ್ತದೆ. ದಡ ಬದಲಾಗಿದೆ, ನೀವು ನೋಡಿಲ್ಲ ಅಷ್ಟೆ. ನಕ್ಷತ್ರಗಳೇ ನಮ್ಮ ದಡ.

ಅತ್ತಿಗೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವರ ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಸೇತುವೆ ಆಗುವ ಮೊದಲು ಬಸ್ಸು ಸಮೇತ ಲಾಂಚ್ ಹತ್ತಿ ದಾಟಬೇಕಿತ್ತು. “ಬಸ್ಸೊಳಗೇ ಕೂತಿದ್ರೆ ಲಾಂಚ್ ಬಿಟ್ಟಿದ್ದೇ ಗೊತ್ತಾಗ್ತಿರ್ಲಿಲ್ಲ. ಕಿಟಕೀಲಿ ನೋಡಿದ್ರೆ ಗುಡ್ಡ ಹಿಂದಕ್ಕೆ ಹೋಗ್ತಿತ್ತು” ಎಂದರು.

ಗುಡ್ಡ ಹಿಂದಕ್ಕೆ ಹೋಗುವ ಈ ಮಾತು ನಮ್ಮ ದೇಶದಲ್ಲಿ ಬಹಳ ಹಳೆಯದು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ವಸ್ತುಗಳು ಹಿಂದೆ ಸರಿದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುತ್ತವೆ ಎಂದು ಆರ್ಯಭಟ ಸುಮಾರು 499ರಲ್ಲೇ ಹೇಳಿದ್ದ. ಫಾಂತನೆಲ್‌ಗಿಂತ ಹೆಚ್ಚುಕಡಿಮೆ 1,200 ವರ್ಷ ಮೊದಲು! ಬ್ರಹ್ಮಗುಪ್ತ ಅದನ್ನು ಖಂಡಿಸಿದ. ನಂತರದ ವ್ಯಾಖ್ಯಾನಕಾರರು ಶ್ಲೋಕಕ್ಕೆ ಬೇರೆ ಅರ್ಥ ಹಚ್ಚಲು ನೋಡಿದರು. ನನಗೆ ನೋವಾಗುವುದು ಆ ಖಂಡನೆಗಲ್ಲ, ವಾದ ವಿದ್ಯೆಯ ಉಸಿರು. ನೋವಾಗುವುದು, ಅಂಥ ದೋಣಿ ಶಾಸ್ತ್ರದ ಕಡವಿನಲ್ಲೇ ಉಳಿದು, ದಿನಾ ಹೊಳೆ ದಾಟುವವರ ಅಂಗಳಕ್ಕೆ ಬರಲಿಲ್ಲವಲ್ಲ ಎಂದು.

ಫಾಂತನೆಲ್ ಹೇಳಿದ್ದರಲ್ಲಿ ಬಹಳಷ್ಟು ಬಿದ್ದುಹೋಗಿದೆ. ಗ್ರಹಗಳಲ್ಲೆಲ್ಲ ಜನವಸತಿ ಇದೆ ಎಂದು ಊಹಿಸಿ, ಶುಕ್ರದವರನ್ನು ಪ್ರಣಯಿಗಳಾಗಿ, ಶನಿಯವರನ್ನು ಮಂದಗತಿಯವರಾಗಿ ಚಿತ್ರಿಸಿದ. ಶುಕ್ರನ ನೆಲದಲ್ಲಿ ಸೀಸವೇ ಕರಗುತ್ತದೆ, ಸುಮಾರು 460 ಡಿಗ್ರಿ ಸೆಲ್ಸಿಯಸ್ ಎಂದು ನಮಗೀಗ ಗೊತ್ತು. ಗ್ರಹಗಳನ್ನು ಸುತ್ತಿಸುವುದು ದೆಕಾರ್ತ್ ಹೇಳಿದ ಸುಳಿಗಳು ಎಂದು ನಂಬಿದ್ದ. ಪುಸ್ತಕದ ಮರುವರ್ಷವೇ, ಗುರುತ್ವಾಕರ್ಷಣೆಯನ್ನು ಮುಂದಿಟ್ಟ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂತು. ನ್ಯೂಟನ್ ತೀರಿಕೊಂಡಾಗ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿಯಾಗಿ ಅವನಿಗೆ ಶ್ರದ್ಧಾಂಜಲಿ ಬರೆದವನೂ ಇದೇ ಫಾಂತನೆಲ್. ಸುಳಿಗಳನ್ನು ಮಾತ್ರ ಕೊನೆಯವರೆಗೂ ಕೈಬಿಡಲಿಲ್ಲ. ನೂರು ತುಂಬಲು ತಿಂಗಳಿರುವಾಗ, 1757ರಲ್ಲಿ ಸತ್ತ.

ಐದನೆಯ ರಾತ್ರಿ ಒಂದೊಂದು ನಕ್ಷತ್ರವೂ ಒಂದೊಂದು ಸೂರ್ಯ ಎಂದು ಕೇಳಿ ಮನೆಯೊಡತಿ ಕಂಗಾಲಾಗುತ್ತಾಳೆ. ಇಷ್ಟು ದೊಡ್ಡದರಲ್ಲಿ ತಾನೆಲ್ಲಿದ್ದೇನೆಂದೇ ತಿಳಿಯುತ್ತಿಲ್ಲ ಎನ್ನುತ್ತಾಳೆ. ಅವನು ಅವಳ ಭಯವನ್ನು ಹಗುರ ಮಾಡಿ ನಗುವುದಿಲ್ಲ. ಆಕಾಶ ಬರೀ ನೀಲಿ ಚಾವಣಿಯಾಗಿದ್ದಾಗ ತನಗೆ ಉಸಿರು ಕಟ್ಟುತ್ತಿತ್ತು, ಈಗ ಸಲೀಸಾಗಿದೆ ಎನ್ನುತ್ತಾನೆ. ನಾನೂ ಅವನ ಕಡೆಯವನೇ. ಆದರೆ ಅವಳ ಭಯಕ್ಕೂ ಪುಸ್ತಕದಲ್ಲಿ ಜಾಗ ಕೊಟ್ಟನಲ್ಲ, ಅದಕ್ಕೆ ಅವನನ್ನು ಇನ್ನಷ್ಟು ಮೆಚ್ಚುತ್ತೇನೆ.

ಅಂಗಳದ ಮಾತು ಅಲ್ಲಿಗೆ ಮುಗಿಯಲಿಲ್ಲ. “ನಕ್ಷತ್ರ ದಡ ಅಂದ್ಯಲ್ಲ, ದಡಾನೇ ಸರೀತಾ ಇದ್ರೆ?” ಎಂದು ಅತ್ತಿಗೆ ಕೇಳಿದರು. ಫಾಂತನೆಲ್ ಬದುಕಿದ್ದಾಗಲೇ, 1718ರಲ್ಲಿ, ಎಡ್ಮಂಡ್ ಹ್ಯಾಲಿ ಗ್ರೀಕರ ಕಾಲದ ದಾಖಲೆಗಳನ್ನು ತನ್ನ ಕಾಲದವುಗಳ ಜೊತೆ ಹೋಲಿಸಿ ಲುಬ್ಧಕ, ಸ್ವಾತಿ, ರೋಹಿಣಿ ತಾರೆಗಳು ಜಾಗ ಬಿಟ್ಟು ಸರಿದಿವೆ ಎಂದು ತೋರಿಸಿದ. ಹೇಳಿದೆ. ಮಳೆಗೆ ಹೆಸರಾದ ರೋಹಿಣಿ, ಸ್ವಾತಿಗಳೂ ನಿಂತಲ್ಲಿ ನಿಂತಿಲ್ಲ ಎಂದು ಕೇಳಿ ಅವರಿಗೆ ಅಚ್ಚರಿ. ಸೂರ್ಯನೂ ನಮ್ಮನ್ನೆಲ್ಲ ಕಟ್ಟಿಕೊಂಡು ಸೆಕೆಂಡಿಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಆಕಾಶಗಂಗೆಯ ನಡುವನ್ನು ಸುತ್ತುತ್ತಿದ್ದಾನೆ ಎಂದೆ.

“ಹಂಗಾದ್ರೆ ಈಗ ಯಾವುದನ್ನ ದಡ ಅಂತ ಇಟ್ಕೊಂಡಿದಾರೆ?”

ಕ್ವೇಸಾರ್‌ಗಳನ್ನು. ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗಳ ಉರಿಯುವ ಗರ್ಭಗಳನ್ನು. ಅಷ್ಟು ದೂರದಲ್ಲಿರುವುದರಿಂದ ಅವುಗಳ ಸರಿದಾಟ ನಮಗೆ ಕಾಣುವುದೇ ಇಲ್ಲ. 1998ರಿಂದ ಖಗೋಳಜ್ಞರು ಆಕಾಶದ ಅಳತೆಗೆಲ್ಲ ಗುರುತುಗಲ್ಲಾಗಿ ನೆಟ್ಟುಕೊಂಡಿರುವುದು ಅವನ್ನೇ.