ಜೊತೆ ತಪ್ಪಿದ ಮಗು

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿದರು; ಮೊಬೈಲೇ ಇಲ್ಲದ ಮನೆಯವರು ಪಾಠದಿಂದ ದೂರವುಳಿದರು. ಆಗ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಬಂದು ಮರದಡಿಯಲ್ಲಿ, ಜಗಲಿಯಲ್ಲಿ ಕಲಿಸಿದರು.

ಇಂದು ಶಾಲೆ ತೆರೆದಿದೆ. ಗೆಳೆತನ ಮಾತ್ರ ವಾಟ್ಸ್ಆ್ಯಪ್ ಗುಂಪಿಗೆ ಸರಿದಿದೆ. ಕೋಣಂದೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಮೊಬೈಲಿಲ್ಲ. ರಾತ್ರಿ ಗೆಳತಿಯರು ಹಂಚಿಕೊಂಡ ತಮಾಷೆಗೆ ಬೆಳಿಗ್ಗೆ ತರಗತಿಯೇ ನಗುವಾಗ ಅವಳು ಸುಮ್ಮನಿರುತ್ತಾಳೆ. ಒಂದು ಮನೆ ಮಾತ್ರ ಬೇಡವೆಂದರೆ ಅದರ ಬೆಲೆಯನ್ನು ಮಗುವೇ ತೆರಬೇಕಾಗುತ್ತದೆ.

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದ ಮಕ್ಕಳೆಲ್ಲರಿಗೂ ಒಟ್ಟಾಗಿಯೇ ಪ್ರಮುಖ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿರ್ಬಂಧಿಸಿತು. ಆದರೆ ಸಂದೇಶ ಸೇವೆಗಳನ್ನು ಆ ಕಾನೂನೂ ಮುಟ್ಟಿಲ್ಲ. ಅದು ಹೆತ್ತವರ ಪಾಲಿನ ಕೆಲಸ. ಒಂದು ತರಗತಿಯ ಹೆತ್ತವರು ಕೂಡಿ ಕುಳಿತು ಒಂದೇ ತೀರ್ಮಾನಕ್ಕೆ ಬಂದರೆ, ಯಾವ ಮಗುವೂ ಒಂಟಿಯಾಗಬೇಕಿಲ್ಲ.